ನಿಯಮ ಮೊದಲೋ, ಬರವಣಿಗೆ ಮೊದಲೋ?

ಮಿರಜ ತಾಲೂಕಿನ ನಮ್ಮ ಲಿಂಗನೂರಿನಂಥ ಊರುಗಳ ಕನ್ನಡ ಮನೆಯ ಮಕ್ಕಳು ಮರಾಠಿ ತಾಸಿನಲ್ಲಿ ‘ಕವೀ’, ‘ಗುರೂ’, ‘ಮತೀ’ ಎಂದು ಕೊನೆಯ ಸ್ವರವನ್ನು ದೀರ್ಘ ಮಾಡಿ ಬರೆಯಬೇಕು. ಹ್ರಸ್ವ ಬರೆದರೆ ಅದು ಅಶುದ್ಧ. ಮುಂದಿನ ತಾಸು ಕನ್ನಡದ್ದಾದರೆ ಅವೇ ಶಬ್ದಗಳನ್ನು ‘ಕವಿ’, ‘ಗುರು’, ‘ಮತಿ’ ಎಂದು ಹ್ರಸ್ವವಾಗಿಯೇ ಬರೆಯಬೇಕು. ದೀರ್ಘ ಬರೆದರೆ ಅದು ತಪ್ಪು. ಶಬ್ದ ಒಂದೇ, ಅರ್ಥ ಒಂದೇ, ಅವು ಬಂದ ಸಂಸ್ಕೃತದ ಮೂಲವೂ ಒಂದೇ. ಹೀಗೇಕೆ ಎಂದು ಮಗು ಕೇಳಿದರೆ ಎರಡೂ ಕಡೆಗಳಲ್ಲಿ ಸಿಗುವ ಉತ್ತರವೂ ಒಂದೇ: ನಿಯಮ ಹಾಗಿದೆ.

ಈ ಉತ್ತರ ಸಾಲದು ಎಂಬುದೇ ಈ ಲೇಖನದ ಮಾತು. ಬರವಣಿಗೆಗೆ ನಿಯಮವೇ ಬೇಡವೆಂದು ವಾದಿಸುವ ಉದ್ದೇಶ ನನ್ನದಲ್ಲ. ಆದರೆ ಒಂದು ನಿಯಮವನ್ನು ಯಾರು, ಯಾವಾಗ, ಯಾತಕ್ಕಾಗಿ ಮಾಡಿದರು ಎಂಬುದನ್ನು ಮರೆಮಾಡಿ, ಅದು ಆಕಾಶದಿಂದ ಇಳಿದು ಬಂದದ್ದೆಂಬಂತೆ ಕಲಿಸುವ ಪದ್ಧತಿಯನ್ನು ಪ್ರಶ್ನಿಸಬೇಕಾಗಿದೆ. ಭಾಷೆಯೊಂದರ ನಡುನಾಡಿನಲ್ಲಿರುವ ಮಕ್ಕಳಿಗೆ ಇದರಿಂದ ಆಗುವ ನಷ್ಟ ನಾಲ್ಕೈದು ಅಂಕಗಳಷ್ಟೆ. ಗಡಿಯಲ್ಲಿರುವ ನಮ್ಮ ಮಕ್ಕಳ ಮಾತು ಬೇರೆ. ಕೇರಳದಲ್ಲಿ 2017ರಲ್ಲಿ ಮಲಯಾಳದ ಕಲಿಕೆಯೂ ಮಹಾರಾಷ್ಟ್ರದಲ್ಲಿ 2020ರಲ್ಲಿ ಮರಾಠಿಯ ಕಲಿಕೆಯೂ ಕಾಯಿದೆಯ ಮೂಲಕ ಶಾಲೆಗಳಲ್ಲಿ ಕಡ್ಡಾಯವಾದವು. ಇಂಗ್ಲಿಷಂತೂ ಇದ್ದೇ ಇದೆ. ಇವುಗಳ ನಡುವೆ ಕನ್ನಡ ಉಳಿದಿರುವುದು ಮನೆಯವರ ಇಚ್ಛೆಯಿಂದ ಮಾತ್ರ. ಆ ಇಚ್ಛೆಯಿಂದ ಕನ್ನಡ ಕಲಿಯಲು ಬಂದ ಮಗುವಿಗೆ ಮೊದಲ ವರ್ಷದಿಂದಲೇ ‘ನಿನ್ನ ಮನೆಯ ಮಾತೇ ತಪ್ಪು’ ಎಂದು ಹೇಳಿದರೆ, ಅದು ಬಿಟ್ಟುಹೋಗುವುದು ವ್ಯಾಕರಣವನ್ನಲ್ಲ, ಕನ್ನಡವನ್ನು.

ಮೊದಲು ನೆರೆಯ ಎರಡು ಭಾಷೆಗಳನ್ನೇ ನೋಡೋಣ. ಮರಾಠಿಯಲ್ಲಿ ‘ಕವೀ’ ಎಂದು ಬರೆಯಬೇಕೆಂಬ ಇಂದಿನ ಶುದ್ಧಲೇಖನದ ಕಟ್ಟಳೆ ಜ್ಞಾನೇಶ್ವರರ ಕಾಲದಿಂದ ಬಂದುದಲ್ಲ. ಮರಾಠಿ ಸಾಹಿತ್ಯ ಮಹಾಮಂಡಳವು 1962ರಲ್ಲಿ ಹದಿನಾಲ್ಕು ನಿಯಮಗಳನ್ನು ಗೊತ್ತುಮಾಡಿತು, 1972ರಲ್ಲಿ ಇನ್ನೂ ನಾಲ್ಕನ್ನು ಸೇರಿಸಿತು. ಅದಕ್ಕೆ ಮೊದಲು ಮರಾಠಿಯವರು ‘ನಾಂವ’, ‘ಗಾಂವ’ ಎಂದು ಉಚ್ಚಾರದಲ್ಲಿಲ್ಲದ ಅನುಸ್ವಾರವನ್ನೂ ಬರೆಯುತ್ತಿದ್ದರು. ಹಳೆಯ ದಸ್ತಾವೇಜುಗಳನ್ನು ತೆರೆದವರಿಗೆ ಅದು ಕಾಣುತ್ತದೆ. ನಿಯಮ ಬಂದ ಮೇಲೆ ಆ ಬಿಂದುಗಳು ಹೋದವು. ಅಂದರೆ ತಂದೆಯ ಶಾಲೆಯಲ್ಲಿ ಬರೆಯದಿದ್ದರೆ ತಪ್ಪಾಗಿದ್ದುದು ಮಗನ ಶಾಲೆಯಲ್ಲಿ ಬರೆದರೆ ತಪ್ಪಾಯಿತು. ಇನ್ನು ಅದೇ ‘ಕವೀ’ ಸಮಾಸದ ಮೊದಲ ಪದವಾದಾಗ ‘ಕವಿರಾಜ’ ಎಂದು ಮತ್ತೆ ಹ್ರಸ್ವವಾಗುತ್ತದೆ. ಮನುಷ್ಯರು ಕೂತು ಮಾಡಿಕೊಂಡ ಒಪ್ಪಂದ ಇದು. ಒಪ್ಪಂದವೆಂದು ಹೇಳಿ ಕಲಿಸಿದರೆ ಮಗು ಗೌರವದಿಂದಲೇ ಪಾಲಿಸುತ್ತದೆ.

ಮಲಯಾಳದ ಕಥೆ ಕಾಸರಗೋಡಿನ ಓದುಗರಿಗೆ ನನಗಿಂತ ಚೆನ್ನಾಗಿ ಗೊತ್ತು. ಮುದ್ರಣ ಮತ್ತು ಟೈಪ್‌ರೈಟರಿನ ಅನುಕೂಲಕ್ಕಾಗಿ 1971ರಲ್ಲಿ ಅಲ್ಲಿ ಹೊಸ ಲಿಪಿ ಬಂತು. ಅಕ್ಷರಕ್ಕೆ ಅಂಟಿಕೊಂಡಿದ್ದ ಉಕಾರ, ಊಕಾರದ ಚಿಹ್ನೆಗಳು ಬೇರ್ಪಟ್ಟವು, ಅನೇಕ ಒತ್ತಕ್ಷರಗಳು ಬಿಡಿಬಿಡಿಯಾದವು. ಕಂಪ್ಯೂಟರು ಬಂದ ಮೇಲೆ ಯಂತ್ರದ ಆ ಕಷ್ಟವೇ ಉಳಿಯಲಿಲ್ಲ. ಹಳೆಯ ಕೂಡಕ್ಷರಗಳಲ್ಲಿ ಹಲವನ್ನು ಮರಳಿ ತರಲು 2022ರಲ್ಲಿ ಕೇರಳ ಸರಕಾರ ಒಪ್ಪಿತು. ಒಂದೇ ಮನೆಯಲ್ಲಿ ಅಜ್ಜ ಒಂದು ರೀತಿ, ಮಗ ಒಂದು ರೀತಿ, ಮೊಮ್ಮಗ ಮತ್ತೆ ಅಜ್ಜನ ರೀತಿ ಬರೆಯುವಂತಾಯಿತು. ಇವರಲ್ಲಿ ತಪ್ಪು ಬರೆದವರು ಯಾರು?

ಈಗ ನಮ್ಮ ಕನ್ನಡಕ್ಕೆ ಬರೋಣ. ಕನ್ನಡ ವ್ಯಾಕರಣವೆಂದರೆ ಎಲ್ಲರ ಬಾಯಲ್ಲಿ ಬರುವ ಹೆಸರು ಕೇಶಿರಾಜನದು. ಆತನ ‘ಶಬ್ದಮಣಿದರ್ಪಣ’ ಸುಮಾರು 1260ರ ಕೃತಿ. ಕೇಶಿರಾಜನ ತಂದೆ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ ಎಂಬ ಪದ್ಯಸಂಕಲನವನ್ನು ಮಾಡಿದವನು. ಸೋದರಮಾವ ಜನ್ನಕವಿ. ಹೀಗೆ ಕಾವ್ಯ ತುಂಬಿದ ಮನೆಯಲ್ಲಿ ಬೆಳೆದವನು, ತನಗಿಂತ ಹಿಂದಿನ ಕವಿಗಳ ಹೆಸರು ಹೇಳಿ, ಅವರ ಪ್ರಯೋಗಗಳನ್ನು ಆಧಾರವಾಗಿಟ್ಟುಕೊಂಡು ಸೂತ್ರ ರಚಿಸಿದ. ಬರೆದವರು ಮೊದಲು ಬಂದರು, ನಿಯಮ ಹೇಳಿದವನು ಆಮೇಲೆ ಬಂದ. ನಮ್ಮ ಶಾಲೆಗಳು ಈ ಕ್ರಮವನ್ನು ತಲೆಕೆಳಗು ಮಾಡಿವೆ. ಮಗು ಒಂದು ಪುಟ ಸ್ವಂತ ಕನ್ನಡ ಬರೆಯುವ ಮೊದಲೇ ಅದಕ್ಕೆ ಸಂಧಿ, ಸಮಾಸ, ವಿಭಕ್ತಿಗಳ ಪಟ್ಟಿ ಬಾಯಿಪಾಠವಾಗಿರಬೇಕು.

ಆ ಪಟ್ಟಿಯಾದರೂ ನಮ್ಮ ಮಾತಿನಿಂದ ಬಂದುದೇ? ವಿಭಕ್ತಿ ಪ್ರತ್ಯಯಗಳನ್ನು ನೆನಪಿಸಿಕೊಳ್ಳಿ: ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಇವುಗಳ ನಡುವೆ ಐದನೆಯದಾದ ‘ದೆಸೆಯಿಂದ’ ಎಂಬುದನ್ನು ಯಾರಾದರೂ ಮಾತಿನಲ್ಲಿ ಬಳಸಿದ್ದನ್ನು ಕೇಳಿದ್ದೀರಾ? ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಲಿಂಗನೂರಿನಲ್ಲೂ ಹೇಳುವುದಿಲ್ಲ, ಮಂಜೇಶ್ವರದಲ್ಲೂ ಹೇಳುವುದಿಲ್ಲ. ‘ಮರದಿಂದ ಹಣ್ಣು ಬಿತ್ತು’, ‘ಕೊಡಲಿಯಿಂದ ಮರ ಕಡಿದ’ ಎಂದು ಎರಡಕ್ಕೂ ಕನ್ನಡದಲ್ಲಿ ಇರುವುದು ‘ಇಂದ’ ಒಂದೇ. ಸಂಸ್ಕೃತದಲ್ಲಿ ತೃತೀಯಾ ಬೇರೆ, ಪಂಚಮೀ ಬೇರೆ. ಅಲ್ಲಿ ಏಳು ಮನೆಗಳಿವೆಯೆಂದು ಇಲ್ಲಿಯೂ ಏಳನ್ನು ಕಟ್ಟಿ, ಖಾಲಿ ಉಳಿದ ಐದನೆಯ ಮನೆಗೆ ಕೇಶಿರಾಜನ ಕಾಲದಲ್ಲಿ ‘ಅತ್ತಣಿಂ’ ಎಂಬುದನ್ನೂ ನಮ್ಮ ಕಾಲದಲ್ಲಿ ‘ದೆಸೆಯಿಂದ’ ಎಂಬುದನ್ನೂ ಕರೆತಂದು ಕೂರಿಸಿದಂತಿದೆ. ಭಾಷಾಶಾಸ್ತ್ರಜ್ಞರಾದ ಡಿ. ಎನ್. ಶಂಕರ ಭಟ್ಟರು 2000ರಲ್ಲಿ ಪ್ರಕಟವಾದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ ಎತ್ತಿದ ಮುಖ್ಯ ಆಕ್ಷೇಪವೇ ಇದು: ನಾವು ಕನ್ನಡದ ವ್ಯಾಕರಣವೆಂದು ಕಲಿಯುತ್ತಿರುವುದು ಬಹುಮಟ್ಟಿಗೆ ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ದದ್ದು. ಹೆಸರಿನಿಂದಲೇ ಜಗಳಕ್ಕೆ ಕರೆಯುವ ಪುಸ್ತಕವದು. ಆದರೆ ಈ ಒಂದು ಮಾತನ್ನು ಯಾವ ಮೇಷ್ಟರೂ ತಮ್ಮ ತರಗತಿಯಲ್ಲೇ ಪರೀಕ್ಷಿಸಿ ನೋಡಬಹುದು.

ಇಲ್ಲಿ ಮಲಯಾಳದ ಉದಾಹರಣೆ ನಮಗೆ ಪಾಠವಾಗಬಲ್ಲದು. ‘ಕೇರಳಪಾಣಿನಿ’ ಎಂದೇ ಹೆಸರಾದ ಎ. ಆರ್. ರಾಜರಾಜವರ್ಮರು ತಮ್ಮ ‘ಕೇರಳಪಾಣಿನೀಯ’ವನ್ನು 1896ರಲ್ಲಿ ಹೊರತಂದರು, 1917ರಲ್ಲಿ ತಿದ್ದಿ ಬರೆದರು. ಅವರು ದೊಡ್ಡ ಸಂಸ್ಕೃತ ವಿದ್ವಾಂಸರು. ಆದರೂ ವಿಭಕ್ತಿಗಳಿಗೆ ಪ್ರಥಮಾ, ದ್ವಿತೀಯಾ ಎಂಬ ಸಂಸ್ಕೃತದ ಎಣಿಕೆಯನ್ನು ಬಿಟ್ಟು ನಿರ್ದೇಶಿಕಾ, ಪ್ರತಿಗ್ರಾಹಿಕಾ, ಸಂಯೋಜಿಕಾ, ಉದ್ದೇಶಿಕಾ, ಪ್ರಯೋಜಿಕಾ, ಸಂಬಂಧಿಕಾ, ಆಧಾರಿಕಾ ಎಂದು ಅವುಗಳ ಕೆಲಸದಿಂದಲೇ ಹೆಸರಿಟ್ಟರು. ‘ಅವನೋಡು ಪರಞ್ಞು’ ಎಂದು ಮಲಯಾಳಿ ಹೇಳುವಾಗಿನ ‘ಓಡು’ ಎಂಬುದಕ್ಕೆ ಸಂಯೋಜಿಕಾ ಎಂಬ ಸ್ವಂತ ಮನೆ ಸಿಕ್ಕಿತು. ಸಂಸ್ಕೃತದ ಪಂಚಮಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಸಂಸ್ಕೃತವನ್ನು ಚೆನ್ನಾಗಿ ಬಲ್ಲವರಿಗೇ ಅದರ ಹಂಗಿಲ್ಲದೆ ತಮ್ಮ ಭಾಷೆಯನ್ನು ನೋಡುವ ಧೈರ್ಯ ಬಂದದ್ದು ಗಮನಿಸಬೇಕಾದ ಸಂಗತಿ.

ಕಾವ್ಯದ ವಿಷಯದಲ್ಲಿ ಎರಡೂ ಭಾಷೆಗಳು ಒಂದೇ ನಿಯಮಕ್ಕಾಗಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹೋರಾಡಿದ್ದು ಇನ್ನೂ ಸ್ವಾರಸ್ಯಕರ. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ಪ್ರಾಸನಿಯಮ ಹಳಗನ್ನಡದಿಂದಲೂ ನಡೆದುಬಂದಿತ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಅದನ್ನು ಕೈಬಿಟ್ಟು ಬರೆಯಲು ನಿರ್ಧರಿಸಿದರು. ಟೀಕೆಗಳು ಬಂದವು. ಪೈಗಳು ಹಿಂಜರಿಯಲಿಲ್ಲ, ಹೊಸಗನ್ನಡ ಕವಿತೆಯೂ ಮತ್ತೆ ಆ ಕಟ್ಟಿಗೆ ಮರಳಲಿಲ್ಲ. ಮಲಯಾಳದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯ ಶತಮಾನದ ಮೊದಲಿಗೂ ನಡೆದ ‘ದ್ವಿತೀಯಾಕ್ಷರಪ್ರಾಸ’ದ ವಾದ ಇದೇ ನಿಯಮವನ್ನು ಕುರಿತದ್ದು. ಪ್ರಾಸ ಬೇಕೆಂದವರು ಕೇರಳವರ್ಮ ವಲಿಯ ಕೋಯಿತ್ತಂಬುರಾನ್. ಅದು ಕಡ್ಡಾಯವಲ್ಲವೆಂದವರು ಅವರ ಸೋದರಳಿಯ ರಾಜರಾಜವರ್ಮ. ಮಾವ, ಅಳಿಯ ಇಬ್ಬರೂ ಪಂಡಿತರೇ, ಇಬ್ಬರೂ ತಮ್ಮ ಭಾಷೆಯ ಮೇಲೆ ಅಭಿಮಾನವುಳ್ಳವರೇ. ನಿಯಮವನ್ನು ಪ್ರಶ್ನಿಸುವವನು ಭಾಷಾದ್ರೋಹಿ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಗೋವಿಂದ ಪೈಗಳ ಪದ್ಯವನ್ನು ಮಕ್ಕಳಿಗೆ ಕಂಠಪಾಠ ಮಾಡಿಸುವ ನಾವು, ಅವರು ನಿಯಮ ಮುರಿದವರೆಂಬುದನ್ನೂ ಒಂದು ಮಾತು ಹೇಳಿದರೆ ಒಳ್ಳೆಯದು.

ಇನ್ನು ಆಡುಮಾತಿನ ಪ್ರಶ್ನೆ. ಪಠ್ಯಪುಸ್ತಕಗಳ ಅಭ್ಯಾಸದಲ್ಲಿ ‘ಗ್ರಾಮ್ಯ ಪದಗಳಿಗೆ ಗ್ರಾಂಥಿಕ ರೂಪ ಬರೆಯಿರಿ’ ಎಂಬ ಪ್ರಶ್ನೆ ಇರುತ್ತದೆ. ‘ಹೊಲದಾಗ’ ಎಂಬುದಕ್ಕೆ ‘ಹೊಲದಲ್ಲಿ’, ‘ಬರಾಕ’ ಎಂಬುದಕ್ಕೆ ‘ಬರಲು’ ಎಂದು ತಿದ್ದಬೇಕು. ನಮ್ಮ ಭಾಗದ ಮಗುವಿಗೆ ಇಲ್ಲಿ ಕಾಣುವುದು ತಾಯಿಯ ಮಾತು ಎಡಗಡೆಯ ಕಂಬದಲ್ಲಿ, ಸರಿಯಾದದ್ದು ಬಲಗಡೆಯ ಕಂಬದಲ್ಲಿ. ಆದರೆ ಸುಮಾರು 850ರ ‘ಕವಿರಾಜಮಾರ್ಗ’ವನ್ನು ತೆರೆದು ನೋಡಿ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಹೇಳಿದ ಆ ಗ್ರಂಥ, ಕನ್ನಡದ ತಿರುಳು ಇರುವ ಜಾಗವೆಂದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶವನ್ನು ಹೆಸರಿಸುತ್ತದೆ. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಎಲ್ಲವೂ ಉತ್ತರದ ಊರುಗಳೇ! ಅಂದು ತಿರುಳಾಗಿದ್ದ ನೆಲದ ಮಾತು ಇಂದು ಗ್ರಾಮ್ಯವಾಯಿತು. ಮಾತು ಕೆಟ್ಟಿತೆಂದಲ್ಲ. ರಾಜಧಾನಿ, ಅಚ್ಚುಕೂಟ, ಪಠ್ಯಪುಸ್ತಕದ ಕಚೇರಿಗಳು ಬೇರೆ ಕಡೆಗೆ ಸರಿದವು. ನಾಡಿನ ಜನ ಓದಿ ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರು ಎಂದು ಹೊಗಳಿದ್ದೂ ಅದೇ ಗ್ರಂಥ.

ಹಾಗಾದರೆ ಎಲ್ಲರೂ ತಮ್ಮ ತಮ್ಮ ಊರಿನ ಮಾತಿನಲ್ಲೇ ಬರೆದುಬಿಡಬಹುದೇ? ಇಲ್ಲಿ ಎಚ್ಚರ ಬೇಕು. ಲಿಂಗನೂರಿನ ಹುಡುಗಿ ‘ಅಪ್ಪ ಬಂದಾನ’ ಎಂದು ಬರೆದರೆ ಅದರ ಅರ್ಥ ಅಪ್ಪ ಬಂದಿದ್ದಾನೆ, ಈಗ ಮನೆಯಲ್ಲಿದ್ದಾನೆ ಎಂದು. ಕಾಸರಗೋಡಿನ ಓದುಗರು ಅದನ್ನು ವ್ಯಾಕರಣದ ಪುಸ್ತಕದ ಸಂಭಾವನಾರ್ಥಕವೆಂದು ತಿಳಿದು, ಅಪ್ಪ ಬಂದರೂ ಬರಬಹುದು ಎಂದು ಓದಿಕೊಳ್ಳುತ್ತಾರೆ. ಬಂದವನು ಬಾರದವನಾದ! ದೂರದ ಓದುಗನಿಗೆ ಅರ್ಥ ಕೆಡುವ ಇಂಥ ಕಡೆ ಎಲ್ಲರಿಗೂ ಸಮಾನವಾದ ಒಂದು ಬರಹದ ರೂಪ ಬೇಕೇ ಬೇಕು. ಆದರೆ ಅದನ್ನು ಕಲಿಸುವ ದಾರಿ ಬೇರೆ. ‘ನೀನು ಬರೆದದ್ದು ತಪ್ಪು’ ಎನ್ನುವ ಬದಲು, ‘ನಮ್ಮ ಊರಿನವರಿಗೆ ಇದು ಸರಿ. ದೂರದವರಿಗೆ ಬರೆಯುವಾಗ ಬಂದಿದ್ದಾನೆ ಎಂದು ಬರೆ, ಇಲ್ಲದಿದ್ದರೆ ಅವರಿಗೆ ಬೇರೆ ಅರ್ಥ ಆಗುತ್ತದೆ’ ಎಂದರೆ ಮಗುವಿಗೆ ನಿಯಮವೂ ಬರುತ್ತದೆ, ಅದರ ಕಾರಣವೂ ತಿಳಿಯುತ್ತದೆ. ಓದುವವನಿಗೆ ಅರ್ಥ ಕೆಡುತ್ತದೆಯೇ ಎಂಬ ಒಂದೇ ಒರೆಗಲ್ಲಿನ ಮೇಲೆ ಎಲ್ಲ ನಿಯಮಗಳನ್ನೂ ತಿಕ್ಕಿ ನೋಡಬಹುದು. ‘ಕಲು’ ಬೇರೆಯೋ ‘ಕಾಲು’ ಬೇರೆಯೋ ಎಂಬುದು ಈ ಒರೆಗೆ ನಿಲ್ಲುತ್ತದೆ. ‘ದೆಸೆಯಿಂದ’ ನಿಲ್ಲುವುದಿಲ್ಲ.

ಪ್ರಬಂಧ ಮತ್ತು ಪತ್ರಗಳ ನಿಯಮಗಳು ಈ ಒರೆಗೆ ಹೆಚ್ಚಾಗಿ ನಿಲ್ಲುವುದಿಲ್ಲವೆಂದೇ ನನ್ನ ಅಭಿಪ್ರಾಯ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಮೂರು ಭಾಗ ಮಾಡಿ ಕಲಿಸಿದ್ದರ ಫಲವಾಗಿ, ಹಸುವಿನ ಮೇಲೆ ಬರೆದರೂ ಗ್ರಂಥಾಲಯದ ಮೇಲೆ ಬರೆದರೂ ಪೀಠಿಕೆ ಒಂದೇ ಆಗಿಬಿಟ್ಟಿದೆ. ಇದರ ಮುಂದಿನ ರೂಪವನ್ನು ಬ್ಯಾಂಕಿನ ಕೌಂಟರಿನಲ್ಲಿ ನಾನು ದಿನಾಲೂ ನೋಡುತ್ತೇನೆ. ಪಾಸ್‌ಬುಕ್ಕಿನಲ್ಲಿ ಹೆಸರು ತಪ್ಪಾಗಿದೆ, ಬೆಳೆಸಾಲದ ಕಂತು ಎರಡು ಸಲ ಕಡಿತವಾಗಿದೆ ಎಂದು ರೈತರು ಬಾಯಿಂದ ನಾಲ್ಕು ಮಾತಿನಲ್ಲಿ ಚೊಕ್ಕಟವಾಗಿ ಹೇಳುತ್ತಾರೆ. ಅದನ್ನೇ ಬರೆದು ಕೊಡಿ ಎಂದರೆ, ಶಾಲೆ ಕಲಿತ ಮಗನನ್ನು ಕರೆತರುತ್ತಾರೆ. ಅವನು ಮರಾಠಿಯಲ್ಲಿ ಬರೆದರೆ ‘ವರೀಲ ವಿಷಯಾಸ ಅನುಸರೂನ’ ಎಂದು ತೊಡಗುತ್ತಾನೆ. ಕನ್ನಡದಲ್ಲಿ ಬರೆದರೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ತೊಡಗುತ್ತಾನೆ. ಅರ್ಧ ಪುಟ ವಿನಂತಿಯಲ್ಲೇ ಮುಗಿದು, ಕಂತು ಕಡಿತವಾದ ತಾರೀಖು ಬರೆಯಲು ಜಾಗವೇ ಉಳಿದಿರುವುದಿಲ್ಲ. ತಂದೆಯ ಮಾತಿನಲ್ಲಿದ್ದ ಸ್ಪಷ್ಟತೆ ಮಗನ ಬರಹದಲ್ಲಿಲ್ಲ. ಹತ್ತು ವರ್ಷದ ಶಿಕ್ಷಣ ಇಲ್ಲಿ ಕೊಟ್ಟದ್ದಕ್ಕಿಂತ ಕಸಿದುಕೊಂಡದ್ದೇ ಹೆಚ್ಚು.

ಇಷ್ಟು ಹೇಳಿದ ಮೇಲೆ, ನಿಯಮ ಬದಲಿಸಬೇಕೆನ್ನುವವರ ಎಲ್ಲ ಮಾತನ್ನೂ ನಾವು ಒಪ್ಪಬೇಕಾಗಿಲ್ಲ. ಶಂಕರ ಭಟ್ಟರು ಮುಂದೆ 2005ರ ‘ಕನ್ನಡ ಬರಹವನ್ನು ಸರಿಪಡಿಸೋಣ’ದಲ್ಲಿ ಮಹಾಪ್ರಾಣಾಕ್ಷರಗಳು, ಋ, ಷ ಮುಂತಾದವು ಕನ್ನಡಿಗರ ಉಚ್ಚಾರದಲ್ಲಿ ಇಲ್ಲವಾದ್ದರಿಂದ ಬರಹದಲ್ಲೂ ಬೇಡವೆಂದರು. ಅಕ್ಷರಗಳು ಹೋಗುವುದು ಹೊಸದೇನಲ್ಲ. ಹಳಗನ್ನಡದ ೞ, ಱ ಎಂಬ ಎರಡು ಅಕ್ಷರಗಳು ನಮ್ಮ ವರ್ಣಮಾಲೆಯಿಂದ ಹೋಗಿವೆ. ‘ಮೞೆ’ ‘ಮಳೆ’ಯಾಯಿತು, ಮಳೆಗೇನೂ ಕೊರತೆಯಾಗಲಿಲ್ಲ. ಮಲಯಾಳಿಗಳು ‘ಮೞ’, ‘ವಾೞ’ ಎಂದು ಅದೇ ಅಕ್ಷರವನ್ನು ಇಂದಿಗೂ ಬರೆಯುತ್ತಾರೆ, ನುಡಿಯುತ್ತಾರೆ. ಆದರೆ ೞ ಹೋದದ್ದು ಕನ್ನಡಿಗರ ನಾಲಗೆಯಿಂದ ಅದು ಮರೆಯಾಗಿ, ಹಲವು ಶತಮಾನಗಳು ಕಳೆದು. ಮಹಾಪ್ರಾಣದ ಸ್ಥಿತಿ ಎಲ್ಲ ಕಡೆಯೂ ಹಾಗಿಲ್ಲ. ಮಿರಜ, ಜತ್ತ, ಅಕ್ಕಲಕೋಟೆಗಳ ಕನ್ನಡ ಮಗು ಓಣಿಯಲ್ಲಿ ಮರಾಠಿಯನ್ನೂ ಆಡಿ ಬೆಳೆಯುತ್ತದೆ. ಮರಾಠಿಯಲ್ಲಿ ‘ಪಳ’ ಎಂದರೆ ಕ್ಷಣ, ‘ಫಳ’ ಎಂದರೆ ಹಣ್ಣು. ಆ ಮಗುವಿನ ಕಿವಿಗೂ ನಾಲಗೆಗೂ ಮಹಾಪ್ರಾಣ ಕಷ್ಟವೇ ಅಲ್ಲ. ಒಂದು ಭಾಗದ ಕನ್ನಡಿಗರ ಕಷ್ಟವನ್ನು ಎಲ್ಲರ ಕಷ್ಟವೆಂದು ಎಣಿಸಿ ಹೊಸ ಕಾಗುಣಿತ ಮಾಡಿದರೆ, ಗಡಿಯವರಿಗೆ ಅದು ಮತ್ತೊಂದು ದೂರದ ಊರಿನ ನಿಯಮವೇ ಆಗುತ್ತದೆ. ಭಟ್ಟರ ವ್ಯಾಕರಣವಿಚಾರ ನಮಗೆ ಬೇಕು. ಅವರ ಅಕ್ಷರವಿಚಾರವನ್ನು ನಾವು ನಮ್ಮ ಕಣ್ಣಿನಿಂದ ನೋಡಿಯೇ ತೀರ್ಮಾನಿಸಬೇಕು.

ನಮ್ಮ ಕಡೆಯವರೇ ಆದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನು ಇಲ್ಲಿ ನೆನೆಯದಿದ್ದರೆ ಈ ಮಾತು ಪೂರ್ಣವಾಗದು. 1912ರಲ್ಲಿ ಹುಟ್ಟಿದ ಅವರು ಶಾಲೆ ಕಲಿತದ್ದು ಮರಾಠಿಯಲ್ಲಿ. ಕನ್ನಡವನ್ನು ಆಮೇಲೆ ತಾವೇ ಒಲಿಸಿಕೊಂಡು, ಸಿದ್ಧರಾಮನ ಚರಿತ್ರೆಯನ್ನು ಬೃಹತ್ತಾದ ‘ಶ್ರೀ ಸಿದ್ಧರಾಮ ಪುರಾಣ’ವಾಗಿ ಬರೆದರು. ಅದಕ್ಕೆ ಆರಿಸಿಕೊಂಡದ್ದು ತ್ರಿಪದಿಯನ್ನು, ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಬಾಯಲ್ಲಿ ಬಾಳಿದ ಛಂದಸ್ಸನ್ನು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆ ಪೀಠಕ್ಕೇರಿದ ಮೊದಲ ಮಹಿಳೆ ಕನ್ನಡ ಶಾಲೆಯಲ್ಲಿ ಕಲಿತವರಲ್ಲ, ಮಹಾರಾಷ್ಟ್ರದ ಗಡಿಯವರು! ಶಾಲೆಯ ವ್ಯಾಕರಣ ಮೊದಲು, ಬರವಣಿಗೆ ಆಮೇಲೆ ಎಂಬ ಕ್ರಮವನ್ನು ಅವರ ಬಾಳೇ ಸುಳ್ಳು ಮಾಡಿತು.

ಹಾಗಾದರೆ ಮಾಡಬೇಕಾದದ್ದೇನು? ಪಠ್ಯಪುಸ್ತಕ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಭಾಗದ ಕನ್ನಡ ಪುಸ್ತಕಗಳು ಪುಣೆಯ ಬಾಲಭಾರತಿಯಿಂದ ಬರುತ್ತವೆ, ನಿಮ್ಮವು ತಿರುವನಂತಪುರದಿಂದ. ಆದರೆ ಮನೆಯಲ್ಲೂ ತರಗತಿಯಲ್ಲೂ ಮೂರು ಕೆಲಸಗಳನ್ನು ಯಾರ ಅಪ್ಪಣೆಯಿಲ್ಲದೆ ಮಾಡಬಹುದು. ಒಂದು, ಮಗು ಮೊದಲು ತನ್ನ ಮಾತಿನಲ್ಲಿ ತನ್ನ ವಿಷಯವನ್ನು ಬರೆಯಲಿ. ತಿದ್ದುವುದು ಆಮೇಲೆ. ಎರಡು, ತಿದ್ದುವಾಗ ಅರ್ಥ ಕೆಡುವ ತಪ್ಪಿಗೂ ಪದ್ಧತಿಯ ತಪ್ಪಿಗೂ ಬೇರೆ ಬೇರೆ ಗುರುತು ಹಾಕೋಣ. ಮೂರು, ವ್ಯಾಕರಣದ ಉದಾಹರಣೆಗಳನ್ನು ಊರಿನಿಂದಲೇ ಆರಿಸೋಣ. ಲೋಪಸಂಧಿಗೆ ‘ಊರೂರು’ ಎಂಬುದನ್ನೇ ಬಾಯಿಪಾಠ ಮಾಡಿಸಬೇಕಾಗಿಲ್ಲ. ‘ಲಿಂಗನ’ ಮತ್ತು ‘ಊರು’ ಸೇರಿ ‘ಲಿಂಗನೂರು’ ಆಗುವಾಗ ಒಂದು ಅಕಾರ ಎಲ್ಲಿ ಹೋಯಿತು ಎಂದು ಕೇಳಿದರೆ ಸಾಕು. ಊರಿನ ಹೆಸರೇ ವ್ಯಾಕರಣವೆಂದು ತಿಳಿದ ಮಗು ಮುಂದೆ ಕೇಶಿರಾಜನನ್ನು ಓದಲು ಹೆದರುವುದಿಲ್ಲ. ಕೇಶಿರಾಜ ಹೇಳಿದ್ದರಲ್ಲಿ ಯಾವುದು ಇಂದಿಗೂ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಕೇಳಲೂ ಹೆದರುವುದಿಲ್ಲ. ಆ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳುವ ಮಕ್ಕಳು ಗಡಿಯ ಈಚೆಗೂ ಆಚೆಗೂ ಉಳಿದರೆ ನಮ್ಮ ಭಾಷೆಗೆ ಅಷ್ಟರಮಟ್ಟಿಗೆ ಭಯವಿಲ್ಲ.